ಕೆಂಟ್ ತೋಟಗಳ ಹುಳಿ ಸೇಬುಗಳು

ಧಾರವಾಡದ ಸುಭಾಸ ರಸ್ತೆಯಲ್ಲಿ ಸೇಬು ಕೊಳ್ಳುವವರು ಸಿಮ್ಲಾ, ಕಾಶ್ಮೀರ, ವಾಷಿಂಗ್ಟನ್ ಎಂದು ಊರಿನ ಹೆಸರು ಹಿಡಿದು ಕೇಳುತ್ತಾರೆ. ಕೆಂಪಗಿರಬೇಕು, ಸಿಹಿಯಾಗಿರಬೇಕು, ಅಲ್ಲಿಗೆ ಸೇಬಿನ ಲಕ್ಷಣ ಮುಗಿಯಿತು. ನಾನು ಈಗ ನೆಲೆಸಿರುವ ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ತೋಟದವರು ಮೊದಲು ಕೇಳುವುದು ಹಣ್ಣು ತಿನ್ನಲು ಬೇಕೋ, ಬೇಯಿಸಲು ಬೇಕೋ ಎಂದು. ಇಲ್ಲಿನ ಫೇವರ್‌ಶ್ಯಾಮ್ ಪಟ್ಟಣದ ಬಳಿ ಬ್ರಾಗ್‌ಡೇಲ್‌ನಲ್ಲಿರುವ ರಾಷ್ಟ್ರೀಯ ಹಣ್ಣಿನ ಸಂಗ್ರಹದಲ್ಲಿ 2000ಕ್ಕೂ ಹೆಚ್ಚು ಸೇಬಿನ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಆ ಸಾಲುಗಳ ನಡುವೆ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದೆಂದರೆ, ಸಿಹಿ ಸೇಬಿನ ಬಾಳು ನಿಂತಿರುವುದೇ ಹುಳಿ, ಒಗರು, ಪುಟ್ಟ ಸೇಬುಗಳ ಆಸರೆಯಲ್ಲಿ. ನಮ್ಮೂರಿನ ಮಾರುಕಟ್ಟೆ ಎಂದೂ ಕಾಣದ ಆ ಸೇಬುಗಳ ಬಗ್ಗೆಯೇ ಬರೆಯಬೇಕೆನಿಸಿತು.

ಸೇಬಿನ ಮುಖ್ಯ ಪೂರ್ವಜ ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳ ಕಾಡುಸೇಬು, ಮಾಲಸ್ ಸಿವೆರ್ಸಿ. ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ 1929ರಲ್ಲಿ ಕಜಾಕಸ್ತಾನದ ಅಲ್ಮಾಟಿಯ ಸುತ್ತ ಈ ಸೇಬಿನ ಕಾಡುಗಳನ್ನು ಕಂಡು, ಸೇಬಿನ ತವರು ಇದೇ ಎಂದು ಗುರುತಿಸಿದರು. ಮುಂದೆ ಜೀನುಗಳ ಅಧ್ಯಯನವೂ ಅದನ್ನೇ ಹೇಳಿತು. ಯುರೋಪಿನ ಕಾಡುಸೇಬು ಬೇರೆ, ಮಾಲಸ್ ಸಿಲ್ವೆಸ್ಟ್ರಿಸ್. ಮುಳ್ಳಿನಂಥ ಕೊಂಬೆಗಳ ಈ ಮರದ ಹಸಿರು ಹಳದಿ ಕಾಯಿಗಳು ಮೂರು ಸೆಂಟಿಮೀಟರಿನ ಆಸುಪಾಸಿನವು. ಒಗರಿನಿಂದಾಗಿ ಕಚ್ಚಿದ ಕೂಡಲೇ ನಾಲಗೆ ಒಣಗುತ್ತದೆ. ಕೆಂಟ್‌ನ ಬೇಲಿಸಾಲಿನಲ್ಲಿ ಕಾಣುವ ಸೇಬಿನ ಮರಗಳೆಲ್ಲ ಈ ಕಾಡುಸೇಬಲ್ಲ, ಅನೇಕವು ಯಾರೋ ತಿಂದೆಸೆದ ಹಣ್ಣಿನ ಬೀಜದಿಂದ ಹುಟ್ಟಿದವು. ಎಲೆಯ ಹಿಂಬದಿಯನ್ನು ಸವರಿ ನೋಡಿದರೆ ಗುರುತು ಸಿಗುತ್ತದೆ: ತೋಟದ ಸೇಬಿನದು ತುಪ್ಪುಳು, ಬಲಿತ ಕಾಡುಸೇಬಿನದು ನುಣುಪು.

ಬೀಜದಿಂದ ಹುಟ್ಟಿದ ಸೇಬು ತಾಯಿಯನ್ನು ಹೋಲುವುದಿಲ್ಲ. ಆಪುಸಿನ ಗೊರಟೆ ನೆಟ್ಟವರಿಗೆ ಆಪುಸೇ ಸಿಗುತ್ತದೆಂಬ ಭರವಸೆ ಹೇಗಿಲ್ಲವೋ ಹಾಗೆಯೇ ಇಲ್ಲಿಯೂ ಕಸಿಯೊಂದೇ ದಾರಿ. ಕಸಿಯ ಕೆಳಗಿನ ಬೇರುಗಿಡವೇ ಮರದ ಎತ್ತರವನ್ನು ನಿರ್ಧರಿಸುತ್ತದೆ. ಜಗತ್ತಿನ ಸೇಬುತೋಟಗಳಲ್ಲಿ ಬಳಕೆಯಲ್ಲಿರುವ ಎಂ9ನಂಥ ಗಿಡ್ಡ ಬೇರುಗಿಡಗಳನ್ನು ವಿಂಗಡಿಸಿ ಹೆಸರಿಟ್ಟದ್ದು ಇದೇ ಕೆಂಟ್‌ನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ.

ಅಪರೂಪಕ್ಕೆ ಬೀಜದ ಗಿಡವೊಂದು ಭಾಗ್ಯ ತರುವುದೂ ಉಂಟು. ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ 1809ರ ಸುಮಾರಿಗೆ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ದಪ್ಪ ಹಸಿರು ಸೇಬಿನ ಮರವೊಂದು ಬೆಳೆಯಿತು. ಆ ಮನೆಯನ್ನು ಮುಂದೆ ಮ್ಯಾಥ್ಯೂ ಬ್ರಾಮ್ಲಿ ಕೊಂಡರು. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ತರುಣ ಸಸಿಗಾರ ಕಸಿಗೆ ಕಡ್ಡಿ ಕೇಳಿದಾಗ, ತನ್ನ ಹೆಸರಿಡುವುದಾದರೆ ಕೊಡುತ್ತೇನೆಂದು ಬ್ರಾಮ್ಲಿ ಒಪ್ಪಿದರು. ಬೀಜ ನೆಟ್ಟ ಕೈ ಒಂದು, ಹೆಸರು ಇನ್ನೊಬ್ಬರದು. ಬ್ರೈಲ್ಸ್‌ಫರ್ಡ್ ಹೆಸರೇ ಉಳಿಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಇಂದು ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಬೇಯುವ ಸೇಬೆಂದರೆ ಮೊದಲು ಬ್ರಾಮ್ಲಿಯೇ. ಮ್ಯಾಲಿಕ್ ಆಮ್ಲ ಹೆಚ್ಚಿರುವುದರಿಂದ ಇದು ಬಿಸಿ ತಾಗಿದೊಡನೆ ಕರಗಿ ನೊರೆನೊರೆಯಾಗುತ್ತದೆ, ಆದರೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಹಸಿಯಾಗಿ ತಿನ್ನುವ ಕಾಕ್ಸ್ ಆರೆಂಜ್ ಪಿಪಿನ್ ಬೆಂದರೂ ಹೋಳಾಗಿಯೇ ಉಳಿಯುತ್ತದೆ. ಎಗ್ರಿಮಾಂಟ್ ರಸೆಟ್ ಎಂಬ ಮತ್ತೊಂದು ತಳಿಯ ಸಿಪ್ಪೆ ಕಂದು, ಒರಟು. ಹುಬ್ಬಳ್ಳಿಯ ಅಂಗಡಿಯಲ್ಲಿ ಅದನ್ನು ಯಾರೂ ಕೈಯಿಂದ ಮುಟ್ಟಲಾರರು, ಆದರೆ ಅದರ ರುಚಿ ನನಗೆ ಎಲ್ಲಕ್ಕಿಂತ ಪ್ರಿಯ.

ಮಾವಿನಕಾಯಿ ದುಬಾರಿಯಾದ ಈ ನಾಡಿನಲ್ಲಿ ನಮ್ಮ ಮನೆಯ ಗುಳಂಬಕ್ಕೆ ಬ್ರಾಮ್ಲಿಯೇ ಆಧಾರ. ತುರಿದು, ಬೆಲ್ಲ ಹಾಕಿ, ಏಲಕ್ಕಿಯೊಂದಿಗೆ ಕುದಿಸಿದರೆ ಹುಳಿ ಸಿಹಿಯ ಹದ ನಮ್ಮದೇ. ಮಾವಿನ ಎಳೆ ಎಳೆಯಾದ ತುರಿ ಮಾತ್ರ ಇಲ್ಲಿ ದೊರೆಯದು, ಎಲ್ಲವೂ ಒಂದಾಗಿ ಕೂಡಿಬಿಡುತ್ತದೆ. ಬಿಸಿ ಚಪಾತಿಗೆ ಅದೇನೂ ಕೊರತೆಯಲ್ಲ. ಒಗ್ಗರಣೆಗೆ ಸಾಸಿವೆ, ಮೆಂತ್ಯ, ಬ್ಯಾಡಗಿ ಮೆಣಸಿನ ಪುಡಿ ಬಿದ್ದರೆ ತುರಿದ ಬ್ರಾಮ್ಲಿ ಚಿತ್ರಾನ್ನಕ್ಕೂ ಒದಗುತ್ತದೆ.

ಅಲಂಕಾರದ ಸೇಬುಗಳನ್ನು ಇಲ್ಲಿ ಹೂವಿಗಾಗಿ ನೆಡುತ್ತಾರೆ. ಜಪಾನಿನ ಮಾಲಸ್ ಫ್ಲೋರಿಬಂಡಾ ವಸಂತದಲ್ಲಿ ಕಡುಗೆಂಪು ಮೊಗ್ಗು ಬಿಟ್ಟು, ತಿಳಿಗುಲಾಬಿಯಾಗಿ ಅರಳಿ, ಬಿಳುಪಿಗೆ ತಿರುಗುತ್ತದೆ. ಮೂರು ಬಣ್ಣಗಳೂ ಒಂದೇ ಕೊಂಬೆಯಲ್ಲಿ ಕಾಣುವ ಕೆಲವು ದಿನಗಳಿಗಾಗಿ ನಾನು ವರ್ಷವಿಡೀ ಕಾಯುತ್ತೇನೆ. ಅಂದಕ್ಕಷ್ಟೇ ಇದನ್ನು ಹೊಗಳಿದರೆ ಅನ್ಯಾಯವಾದೀತು. ತೇವದ ಹವೆಯಲ್ಲಿ ಎಲೆ ಹಣ್ಣುಗಳಿಗೆ ಕಪ್ಪು ಕಜ್ಜಿ ಹಿಡಿಸುವ ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗವನ್ನು ತಡೆಯುವ ಜೀನು ದೊರೆತದ್ದು ಈ ಮರದಿಂದ. ಅಮೆರಿಕದ ತಳಿವಿಜ್ಞಾನಿಗಳು ಅದನ್ನು ಹಲವು ತಲೆಮಾರುಗಳ ಸಂಕರದ ಮೂಲಕ ದೊಡ್ಡ ಹಣ್ಣಿನ ಸೇಬುಗಳಿಗೆ ತಂದು, 1970ರಲ್ಲಿ ಪ್ರೈಮಾ ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಸೇಬು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ, ದೀರ್ಘಕಾಲ ಹೂಬಿಡುವ ಇಂಥ ಪುಟ್ಟ ಸೇಬುಗಳನ್ನು ವಾಣಿಜ್ಯ ತೋಟಗಳ ಸಾಲಿನಲ್ಲಿಯೂ ಪರಾಗಕ್ಕೆಂದು ನೆಡುತ್ತಾರೆ. ಬ್ರಾಮ್ಲಿಗಂತೂ ಎರಡರ ಬದಲು ಮೂರು ಗಣ (ಸೆಟ್) ವರ್ಣತಂತುಗಳಿರುವುದರಿಂದ ಅದರ ಪರಾಗ ಯಾರಿಗೂ ಸಾಲದು, ಅದಕ್ಕೆ ನೆರೆಯ ಮರ ಇರಲೇಬೇಕು.

ಜಾನ್ ಡೌನಿ ಎಂಬ ಕಿತ್ತಳೆಗೆಂಪು ಪುಟ್ಟ ಸೇಬು ಹೂವಿಗೂ ಸೈ, ಅಡುಗೆಗೂ ಸೈ. ಇಡೀ ಕಾಯಿಗಳನ್ನು ನೀರಿನಲ್ಲಿ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಬೇಕು; ಹಿಂಡಿದರೆ ರಸ ಕದಡುತ್ತದೆ. ರಸವನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ಅಂಶ ಧಾರಾಳವಾಗಿರುವುದರಿಂದ, ಸಕ್ಕರೆಯೊಂದಿಗೆ ಕುದಿಸಿದರೆ ಬೇರೇನೂ ಬೆರೆಸದೆಯೇ ಗಟ್ಟಿ ಜೆಲ್ಲಿಯಾಗುತ್ತದೆ.

ಇವನ್ನು ಧಾರವಾಡದಲ್ಲಿ ಬೆಳೆಯಬಹುದೇ ಎಂದು ಊರಿನಿಂದ ಫೋನು ಮಾಡಿದವರೆಲ್ಲ ಕೇಳುತ್ತಾರೆ. ಕೆಂಟ್‌ನ ಹಳೆಯ ತಳಿಗಳಿಗೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ನೂರಾರು ತಾಸು ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ನಮ್ಮ ಮಾಗಿಯ ಚಳಿ ಅದಕ್ಕೆ ಸಾಲದು. ಆಸೆಯಿದ್ದವರು ಕಡಿಮೆ ಚಳಿ ಬೇಡುವ ತಳಿಗಳತ್ತ ನೋಡಬೇಕು: ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್ಆರ್‌ಎಂಎನ್-99. ಅನ್ನಾ ನೆಡುವವರು ಪಕ್ಕದಲ್ಲಿ ಡಾರ್ಸೆಟ್ ಗೋಲ್ಡನ್ ಗಿಡವನ್ನೂ ನೆಡುವುದು ಒಳ್ಳೆಯದು, ಏಕೆಂದರೆ ಅವೆರಡೂ ಒಂದೇ ಹೊತ್ತಿಗೆ ಹೂಬಿಟ್ಟು ಒಂದಕ್ಕೊಂದು ಪರಾಗ ಒದಗಿಸುತ್ತವೆ.