"ನೀವು ಬಾಯಿ ಮುಚ್ಚೂದ ಇಲ್ಲಲ್ರೀ ಮೇಡಂ"

ಬೆಳಗಾವಿಯ ನೇಕಾರರ ಬಡಾವಣೆ ವಡಗಾವಿಯ ಆಂಪ್ಲಿಫೈಯರ್ ರಿಪೇರಿ ಕಾಕಾ ಬುಧವಾರ ಸಂಜೆ ನನಗೆ ಹೇಳಿದ ಮಾತಿದು. ಇವತ್ತು ಶನಿವಾರ, ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ತಮಾಷೆ ಏನಂದ್ರೆ, ಅವರು ಹಾಗೆ ಹೇಳಿದಾಗ ನಾನು ಒಂದು ಮಾತೂ ಆಡಿರಲಿಲ್ಲ. ಸುಮ್ನೆ ಸ್ಟೂಲಿನ ಮೇಲೆ ಕೂತು ಗಿಟಾರ್ ಬಾರಿಸುತ್ತಿದ್ದೆ, ಅಷ್ಟೇ. ಪಕ್ಕದಲ್ಲಿದ್ದ ಮಗಳು ಕಿಸಕ್ಕನೆ ನಕ್ಕಳು. ಆಮೇಲೆ ಮನೆಗೆ ಹೋಗಿ ಅಪ್ಪನಿಗೂ ವರದಿ ಒಪ್ಪಿಸಿದಳು. ಅವರೂ ನಕ್ಕರು, ಸ್ವಲ್ಪ ಜಾಸ್ತಿಯೇ ನಕ್ಕರು.

ನನಗೆ ಬಿ.ಬಿ. ಕಿಂಗ್ ಹುಚ್ಚು, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ದೊಡ್ಡ ಗಿಟಾರ್ ವಾದಕ, ಹಾಡುಗಾರ. ಅವರ ಹಾಗೆ ಬಾರಿಸೋದು ಆಗದ ಮಾತು, ಗೊತ್ತು. ಆ ಸದ್ದಾದರೂ ಬರಲಿ ಅಂತ. ಅವರ ಕೈಯಲ್ಲಿದ್ದದ್ದು ಗಿಬ್ಸನ್ ಇಎಸ್-355, ಅದಕ್ಕೆ ಅವರಿಟ್ಟ ಹೆಸರು ಲೂಸಿಲ್. ಹೊಸದು ಕೊಳ್ಳಬೇಕೆಂದರೆ ಲಕ್ಷಗಳ ಮಾತು. ಹೈಸ್ಕೂಲು ಸಂಬಳದಲ್ಲಿ ಮನೆ ಸಾಲ ಕಟ್ಟಿ, ಮಗಳ ಪಿಯುಸಿ ಫೀ ಕಟ್ಟಿ ಉಳಿಯೋದರಲ್ಲಿ ಅದರ ಪೆಟ್ಟಿಗೆಯೂ ಬರಲ್ಲ. ಆದರೆ ಬೆಳಗಾವಿಯಲ್ಲಿ ಒಂದು ಅನುಕೂಲ ಇದೆ. ಇಂಜಿನಿಯರಿಂಗ್, ಮೆಡಿಕಲ್ ಓದೋಕೆ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ. ಮೊದಲ ವರ್ಷ ಉತ್ಸಾಹದಲ್ಲಿ ಗಿಟಾರ್ ಕೊಳ್ಳುತ್ತಾರೆ. ಕೊನೇ ವರ್ಷ ಹಾಸಿಗೆ, ಕೂಲರ್ ಜೊತೆ ಅದನ್ನೂ ಮಾರಿ ಊರಿಗೆ ಹೋಗುತ್ತಾರೆ. ಅಂಥ ಒಬ್ಬನಿಂದ ನನಗೆ ಇಬಾನೆಝ್ ಎಎಸ್73 ಸಿಕ್ಕಿತು. ಕಟ್ಟಿದ ರೀತಿ ಅದೇ. ಅರ್ಧ ಟೊಳ್ಳು ಒಡಲು, ನಡುವೆ ಉದ್ದಕ್ಕೆ ಮರದ ತುಂಡು, ಮೇಲೆ ಎಫ್ ಆಕಾರದ ಎರಡು ತೂತು, ತಂತಿಯ ನಡುಕವನ್ನು ಕರೆಂಟಿನ ಸಿಗ್ನಲ್ ಮಾಡೋ ಎರಡು ಹಂಬಕರ್ ಪಿಕಪ್. ಎರಡೂ ಪಿಕಪ್ ಒಟ್ಟಿಗೆ ಹಾಕಿ, ಟೋನ್ ನಾಬನ್ನು ಸ್ವಲ್ಪ ಇಳಿಸಿದರೆ ಹತ್ತಿರ ಬಂದೆವು ಅನಿಸುತ್ತೆ. ಆಮೇಲೆ ಅದನ್ನ ಆಂಪ್ ಹಾಳು ಮಾಡುತ್ತೆ.

ನನ್ನ ಆಂಪ್ 15 ವ್ಯಾಟಿನದು, 8 ಇಂಚಿನ ಸ್ಪೀಕರ್. ಕೀರಲು. ವಾಲ್ಯೂಮ್ ತಿರುಗಿಸಿದರೆ ಚರಚರ. ಕ್ಯಾಂಪ್ ಕಡೆ ಗಿಟಾರ್ ಕಲಿಸೋ ಒಬ್ಬ ಹುಡುಗ ಇದ್ದಾನೆ. ಟ್ಯೂಬ್ ಆಂಪ್ (ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರೋದು) ಇಲ್ಲದೆ ಬ್ಲೂಸ್ ಇಲ್ಲ ಅಂತ ಅವನ ತೀರ್ಪು. ಕೈ ಬಹಳ ಒಳ್ಳೇದು ಅವನದು, ಬಾಯಿ ಮಾತ್ರ ಕ್ಯಾಟಲಾಗು. ಬಿ.ಬಿ. ಕಿಂಗ್ ವರ್ಷಾನುಗಟ್ಟಲೆ ವೇದಿಕೆ ಮೇಲೆ ಇಟ್ಟುಕೊಂಡದ್ದು ಲ್ಯಾಬ್ ಸೀರೀಸ್ ಎಲ್5, 1970ರ ದಶಕದ ಕೊನೆಯಲ್ಲಿ ಬಂದ ಟ್ರಾನ್ಸಿಸ್ಟರ್ ಆಂಪ್, ಅದರಲ್ಲಿ ಟ್ಯೂಬೇ ಇಲ್ಲ ಮಾರಾಯಾ ಅಂದರೆ, "ಅದು ಬೇರೆ ಮೇಡಂ" ಅಂತಾನೆ. ಏನು ಬೇರೆ ಅಂತ ಹೇಳಲ್ಲ. ನಿಜ, ಅದು 100 ವ್ಯಾಟು, 12 ಇಂಚಿನ ಎರಡು ಸ್ಪೀಕರು. ನಂದು ಆಟಿಕೆ. ಆದರೆ ಜಾತಿ ಒಂದೇ ಅಲ್ವಾ, ಎರಡೂ ಟ್ರಾನ್ಸಿಸ್ಟರೇ?

ಅದಕ್ಕೇ ಕಾಕಾನ ಅಂಗಡಿಗೆ ಹೋದದ್ದು. ಗಣಪತಿ ಹಬ್ಬ ಹತ್ತಿರ ಬಂದಿದೆ, ಮಂಡಳಗಳ ಆಂಪ್ಲಿಫೈಯರುಗಳು ಬಾಗಿಲವರೆಗೂ ಪೇರಿಸಿದ್ದವು. ಹೊರಗೆ ಜಿಟಿಜಿಟಿ ಮಳೆ. ಗೋಡೆಯಾಚೆ ಸೀರೆ ನೇಯೋ ಪವರ್‌ಲೂಮ್, ಖಟಖಟ ನಿಲ್ಲೋದೇ ಇಲ್ಲ. ಆ ಸದ್ದಿನಲ್ಲಿ ಈ ಮನುಷ್ಯ ಹೇಗೆ ಕಿವಿ ಇಟ್ಟು ಕೆಲಸ ಮಾಡ್ತಾರೋ ಅಂತ ನನಗೆ ಯಾವಾಗಲೂ ಆಶ್ಚರ್ಯ.

ಗಿಟಾರ್ ನೋಡಿ ಕೇಳಿದರು, "ಮಗಂದೇನ್ರೀ?"

"ಅಲ್ರೀ ಕಾಕಾ, ನಂದ."

"ಮತ್ತ ಇಕಿ?" ಅಂತ ಮಗಳ ಕಡೆ ನೋಡಿದರು.

"ಇಕಿಗೆ ಇದೆಲ್ಲಾ ಬ್ಯಾಡಂತ್ರಿ."

ಇದಕ್ಕೆಲ್ಲ ಈಗ ಬೇಜಾರಾಗಲ್ಲ. ಅಂಗಡಿಗಳಲ್ಲಿ ನನಗೆ ಮೊದಲು ತೋರಿಸೋದೇ ಉಕುಲೇಲೆ. ನಲವತ್ತೈದು ದಾಟಿದ ಹೆಂಗಸು ಎಲೆಕ್ಟ್ರಿಕ್ ಗಿಟಾರ್ ಕೇಳಿದರೆ ಯಾರಿಗೆ ಗಿಫ್ಟು ಅಂತ ಕೇಳುತ್ತಾರೆ. ಕಾಕಾ ಎಷ್ಟೋ ವಾಸಿ, ಒಂದೇ ಸಲ ಕೇಳಿ ಮುಗಿಸಿದರು.

ನನಗೆ ಬೇಕಿದ್ದದ್ದನ್ನು ವಿವರಿಸಿದೆ. ಚರಚರ ಹೋಗಬೇಕು. ಆದರೆ ಜೋರಾಗಿ ಮೀಟಿದಾಗ ಮಾತ್ರ ಸದ್ದು ಸ್ವಲ್ಪ ಒಡೆಯಬೇಕು, ತೀರಾ ಸ್ವಚ್ಛ ಇರಬಾರದು. ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಕೆಟ್ಟದ್ದು ಸರಿ ಮಾಡ್ಸಾಕ ಮಂದಿ ಬರ್ತಾರ. ನೀವು ಸರಿ ಇದ್ದದ್ದು ಕೆಡಸಾಕ ಬಂದೀರಲ್ರೀ?"

ಅವರ ಜೀವನವೆಲ್ಲ ಹೋದದ್ದು ಒಡೆದ ಸದ್ದನ್ನು ಕೂಡಿಸೋದರಲ್ಲಿ. ಆದರೂ ಒಲ್ಲೆ ಅನ್ನಲಿಲ್ಲ. ಹಳೇ ರೇಡಿಯೋಗಳ ಡಬ್ಬಿ ತೆಗೆದು ಗಾಜಿನ ಒಡಲಿನ ಎರಡು ಸಣ್ಣ ಡಯೋಡ್ ಹೆಕ್ಕಿದರು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಭಾಗ ಅದು. ಜರ್ಮೇನಿಯಂ. ಇದು 0.3 ವೋಲ್ಟ್ ಆಸುಪಾಸಿಗೇ ದಾರಿ ಬಿಡುತ್ತೆ, ಅದೂ ಮೆಲ್ಲಗೆ. ಸಿಲಿಕಾನಿನದು 0.6ರವರೆಗೆ ತಡೆದು ಒಮ್ಮೆಲೇ ಬಿಡುತ್ತೆ. ಸಿಗ್ನಲ್ ಏರಿದಾಗ ಅದರ ನೆತ್ತಿಯನ್ನು ಕತ್ತರಿಸೋದು ಹೀಗೆ, ಒಡೆದ ಸದ್ದು ಅಂದರೆ ಅಷ್ಟೇ. ಮೆಲ್ಲಗೆ ಕತ್ತರಿಸಿದಷ್ಟೂ ಕಿವಿಗೆ ಹಿತ. ಎರಡನ್ನೂ ಎದುರುಬದುರು ಮಾಡಿ ಪ್ರೀ-ಆಂಪ್ (ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸೋ ಭಾಗ) ಮುಗಿಯೋ ಜಾಗದಲ್ಲಿ ಬೆಸುಗೆ ಹಾಕಿದರು, ಬೇಡವಾದಾಗ ಆರಿಸೋಕೆ ಒಂದು ಸ್ವಿಚ್ಚು ಇಟ್ಟರು. ಈಗ ಮೆಲ್ಲಗೆ ಮೀಟಿದರೆ ಶುದ್ಧ. ಒತ್ತಿ ಮೀಟಿದರೆ ಸ್ವಲ್ಪ ಗಂಟಲು ಕಟ್ಟಿದ ಹಾಗೆ. ಕ್ಯಾಂಪ್ ಹುಡುಗನ ಕ್ಯಾಟಲಾಗಿನಲ್ಲಿ ಇದಕ್ಕೆ ಸಾವಿರಗಟ್ಟಲೆ ರೇಟಿದೆ.

ಆಮೇಲೆ ಅವರಾಗೇ ಒಂದು ಕೆಲಸ ಮಾಡಿದರು. ಮೂಲೆಯಲ್ಲಿದ್ದ 12 ಇಂಚಿನ ಸ್ಪೀಕರ್ ಬಾಕ್ಸ್ ಎಳೆದು ತಂದರು. ಯಾವುದೋ ಮಂಡಳದ್ದು. ಮೀಟರ್ ಹಚ್ಚಿದರೆ 6 ಚಿಲ್ಲರೆ ತೋರಿಸಿತು. "ಎಂಟು ಓಮಿಂದು, ಹೆದರಬ್ಯಾಡ್ರಿ" ಅಂದರು. 8 ಓಮಿನ ಸ್ಪೀಕರಿಗೆ ಮೀಟರ್ ಹಾಗೇ ಕಡಿಮೆ ತೋರಿಸೋದು. ಆಂಪ್ ಹಿಂದೆಯೂ 8 ಅಂತಲೇ ಇತ್ತು. ಬಾಕ್ಸಿನ ಟ್ವೀಟರ್, ಅಂದರೆ ಕೀರಲು ಸದ್ದಿನ ಸಣ್ಣ ಸ್ಪೀಕರ್, ಅದರ ವೈರು ಕಿತ್ತು ಹಾಕಿದರು. ಗಿಟಾರ್ ಸ್ಪೀಕರುಗಳಲ್ಲಿ ಟ್ವೀಟರ್ ಇರೋದೇ ಇಲ್ಲ, ಒಡೆದ ಸದ್ದಿನ ಮೇಲ್ತುದಿಯೆಲ್ಲ ಅದರಲ್ಲಿ ಬಂದರೆ ಕಿವಿ ಕೊರೆಯುತ್ತೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಒಂದು ಸಲ ಕೇಳಿದರು, ಮುಖ ಸಿಂಡರಿಸಿದರು, ಕಿತ್ತರು. ಆ ಕ್ಷಣಕ್ಕೆ ನನ್ನ ಆಟಿಕೆಗೆ ಎದೆ ಬಂತು. ಹೆಚ್ಚಿನ ವ್ಯತ್ಯಾಸ ಆದದ್ದು ಡಯೋಡಿನಿಂದಲ್ಲ, ಈ ಸ್ಪೀಕರಿನಿಂದ. ಸದ್ದು ಬದಲಿಸೋಕೆ ಕಾಲಲ್ಲಿ ಒತ್ತೋ ಪೆಡಲ್ ಮೇಲೆ ಪೆಡಲ್ ಕೊಳ್ಳೋರು ಮೊದಲು ಒಂದು 12 ಇಂಚಿನ ಸ್ಪೀಕರ್ ಹುಡುಕಲಿ.

ಎದೆ ಬಂದದ್ದೇ ಕೂಗೂ ಶುರುವಾಯಿತು. ಟೊಳ್ಳು ಗಿಟಾರಿನ ಹಣೆಬರಹ ಅದು. ಸ್ಪೀಕರಿನ ಸದ್ದು ಒಡಲಿಗೆ ಹೊಕ್ಕು, ತಂತಿ ನಡುಗಿಸಿ, ಮತ್ತೆ ಸ್ಪೀಕರಿಗೆ. ಕಾಕಾ ಪಕ್ಕದ ಮಗ್ಗದವರಿಗೆ ಕೂಗು ಹಾಕಿದರು. ಒಬ್ಬ ಹುಡುಗ ಒಂದು ಮುಷ್ಟಿ ವೇಸ್ಟ್ ನೂಲು, ಸೀರೆ ಸೆರಗಿನ ಚಿಂದಿ ತಂದುಕೊಟ್ಟ. ಕಾಕಾ ನನ್ನ ಅನುಮತಿಯನ್ನೂ ಕೇಳದೆ ಎರಡೂ ಎಫ್ ತೂತಿಗೆ ತುರುಕಿದರು. ಕೂಗು ನಿಂತಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಯಾಕಂದ್ರೆ ಬಿ.ಬಿ. ಕಿಂಗ್ ಮಾಡಿದ್ದೂ ಇದನ್ನೇ. ಕೂಗು ತಡೆಯೋಕೆ ತೂತಿಗೆ ಬಟ್ಟೆ ತುರುಕುತ್ತಿದ್ದರು. ಕೊನೆಗೆ 1980ರಲ್ಲಿ ಗಿಬ್ಸನ್‌ನವರು ಲೂಸಿಲ್ ಹೆಸರಿನ ಮಾಡೆಲ್ ಮಾಡಿದಾಗ ತೂತನ್ನೇ ಬಿಟ್ಟುಬಿಟ್ಟರು. ನನ್ನ ಗಿಟಾರಿನಲ್ಲಿ ಈಗ ವಡಗಾವಿಯ ಹಸಿರು ಜರಿ ಇಣುಕುತ್ತಿದೆ. ತೆಗೆಯಲ್ಲ.

"ಯಾರ ಹಂಗ ಬೇಕು ನಿಮಗ? ಕೇಳಸ್ರಿ" ಅಂದರು.

ಫೋನಿನಲ್ಲಿ "ದಿ ಥ್ರಿಲ್ ಈಸ್ ಗಾನ್" ಹಾಕಿದೆ, 1969ರ ರೆಕಾರ್ಡಿಂಗು. ಕಾಕಾ ಕಣ್ಣು ಮುಚ್ಚಿ ಕೇಳಿದರು. ಅವರು ಭಜನಾ ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಾರೆ. "ಧಾನಿ ಇದ್ದಂಗ ಐತಲ್ರೀ" ಅಂದರು. ಹೌದು, ಬ್ಲೂಸ್ ಕಲಿಯೋರು ಮೊದಲು ಕಲಿಯೋ ಐದು ಸ್ವರ ಧಾನಿ ರಾಗದವೇ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಈ ಅಜ್ಜಾ ಹಾಡೂ ಮುಂದ ಕೈ ಬಿಡ್ತಾನ. ಬಾರಸೂ ಮುಂದ ಬಾಯಿ ಮುಚ್ಚತಾನ. ಎರಡೂ ಕೂಡೇ ಮಾಡಂಗಿಲ್ಲ."

ಬಿ.ಬಿ. ಕಿಂಗ್ ತಾವೇ ಹೇಳಿಕೊಂಡ ಮಾತು ಅದು. ಹಾಡೋದು, ಬಾರಿಸೋದು ಒಟ್ಟಿಗೆ ತಮಗೆ ಬರಲ್ಲ ಅಂತ. ಇದನ್ನು ನಾನು ಓದಿ ತಿಳಿದಿದ್ದೆ. ಕಾಕಾ ಒಂದು ಹಾಡು ಮುಗಿಯೋದರೊಳಗೆ ಕೇಳಿ ತಿಳಿದರು, ಅದೂ ಮಗ್ಗದ ಸದ್ದಿನಲ್ಲಿ, ಮಗಳ ಫೋನಿನ ಸ್ಪೀಕರಿನಲ್ಲಿ.

"ಈಗ ನೀವು ಬಾರಸ್ರಿ."

ಬಾರಿಸಿದೆ. ಚೆನ್ನಾಗೇ ಬಾರಿಸಿದೆ ಅಂತ ನನ್ನ ಅಭಿಪ್ರಾಯ. ಆಗ ಬಂತು ಆ ಮಾತು. ಹೇಳಿ, ಏನೂ ಆಗಿಲ್ಲ ಅನ್ನೋ ಹಾಗೆ ಮುಂದಿನ ಆಂಪ್ಲಿಫೈಯರಿನ ಸ್ಕ್ರೂ ಬಿಚ್ಚೋಕೆ ಶುರು ಮಾಡಿದರು.

ಬುಧವಾರದಿಂದ ಇದರ ಜೊತೆ ಜಗಳ ಆಡುತ್ತಿದ್ದೇನೆ. ಮೊದಲು ಕೋಪ ಬಂತು. ಆಮೇಲೆ ಗುರುವಾರ ಒಂಬತ್ತನೇ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿ, ಸುಮ್ಮನೆ ನಿಂತು ನೋಡಿದೆ. ಹಿಂದಿನ ಬೆಂಚು ಆ ಜಾಗವನ್ನು ತಕ್ಷಣ ತುಂಬಿತು. ನಾಯಿ ಬೊಗಳಿದ ಸದ್ದು ಮಾಡಿ. ಫೋನಿನಲ್ಲಿ ಅವ್ವ ಒಂದು ಕ್ಷಣ ಸುಮ್ಮನಾದರೆ ನಾನು "ಹಲೋ, ಹಲೋ, ಕೇಳಸ್ತೈತೇನ್?" ಅಂತೀನಿ. ಮೊದಲೆಲ್ಲ ಮನುಷ್ಯರು ಮಾತಿನ ನಡುವೆ ಯೋಚಿಸುತ್ತಿದ್ದರು, ಈಗ ನೆಟ್‌ವರ್ಕ್ ಹೋಗುತ್ತೆ. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರು ಸುಮ್ಮನಿದ್ದರೆ ಸರ್ ವಿಚಾರ ಮಾಡ್ತಿದ್ದಾರೆ ಅಂತ ಎಲ್ಲರೂ ಕಾಯುತ್ತಾರೆ. ನಾನು ಸುಮ್ಮನಾದರೆ ಮೇಡಂ ಮಾತು ಮುಗೀತು ಅಂತ ಬೇರೆಯವರು ಶುರು ಮಾಡುತ್ತಾರೆ. ಹಾಗಿರುವಾಗ ಯಾವ ಧೈರ್ಯದ ಮೇಲೆ ಬಾಯಿ ಮುಚ್ಚೋದು?

ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ನೆನಪೂ ಬಂತು, ಬರದೇ ಇರುತ್ತಾ. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯ ಬಂದು, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಒಂದು ಶ್ವಾಸಕೋಶ ಹೋದ ಮೇಲೂ ಎದ್ದು ಬಂದು ಹಾಡಿದರು. ಚಿಕ್ಕ ಚಿಕ್ಕ ತುಣುಕು, ನಡುವೆ ಬಿಡುವು. ಆದರೆ ಆ ಬಿಡುವಿನಲ್ಲಿ ತಂಬೂರಿ ಇತ್ತು, ತಬಲಾ ಇತ್ತು.

ಇಲ್ಲೇ ನನಗೆ ಉತ್ತರ ಹೊಳೆದದ್ದು. ಬಿ.ಬಿ. ಕಿಂಗ್ ಒಂದು ಸ್ವರ ಮೀಟಿ, ಮಣಿಕಟ್ಟು ಅಲುಗಾಡಿಸಿ, ಆರಾಮಾಗಿ ಕಾಯುತ್ತಾರೆ. ಆ ಕಂಪನವೂ ಸಂಬಂಧಿ ಬುಕ್ಕಾ ವೈಟ್‌ನ ಸ್ಲೈಡ್ ಗಿಟಾರಿನ (ತಂತಿ ಮೇಲೆ ಕೊಳವೆ ಜಾರಿಸಿ ಬಾರಿಸೋದು) ಸದ್ದನ್ನು ಬರೀ ಬೆರಳಲ್ಲಿ ತರೋಕೆ ಹೋಗಿ ಹುಟ್ಟಿದ್ದು. ಆದರೆ ಕಾಯೋ ಹೊತ್ತಿನಲ್ಲಿ ಹಿಂದೆ ಡ್ರಮ್ಮಿದೆ, ಬೇಸ್ ಇದೆ, ತುತ್ತೂರಿಗಳಿವೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸೋದು ನನಗೆ ಬರಲ್ಲ ಅಂತ ಅವರು ನಿಶ್ಚಿಂತೆಯಿಂದ ಹೇಳಬಹುದಿತ್ತು, ಬಾರಿಸೋಕೆ ಬೇರೆಯವರಿದ್ದರು. ನನ್ನ ಕೋಣೆಯಲ್ಲಿ ನಾನು ನಿಲ್ಲಿಸಿದರೆ ಕೇಳೋದು ಫ್ಯಾನು, ಪಕ್ಕದ ಮನೆ ಕುಕ್ಕರಿನ ಸೀಟಿ. ಸುಮ್ಮನಿರೋಕೂ ಹಿಂದೆ ಒಂದು ಬ್ಯಾಂಡ್ ಬೇಕು. ಹೆಡ್‌ಮಾಸ್ತರಿಗೆ ಅದು ಇದೆ.

ಇಷ್ಟೂ ವಾದವನ್ನು ಮಡಚಿಟ್ಟುಕೊಂಡು ನಿನ್ನೆ ರಾತ್ರಿ ಕಾಕಾಗೆ ಫೋನ್ ಮಾಡಿದೆ. ಹೆಡ್‌ಮಾಸ್ತರ ಭಾಗ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿದರು. ಅವರು ಸುಮ್ಮನಾದಾಗ ನಾನು ಹಲೋ ಅನ್ನಲಿಲ್ಲ, ತಡೆದುಕೊಂಡೆ.

"ಅದಕ್ಯಾಕ ಇಷ್ಟ್ ಮಾತ್ರಿ? ನಾ ಪೇಟಿ ತರ್ತೀನಿ ತಗೋರಿ. ಯಾವ ಪಟ್ಟಿ?"

ಸಾ ಯಾವ ಮನೆಯಿಂದ ಹಿಡಿಯೋದು ಅಂತ ಅವರ ಪ್ರಶ್ನೆ. ಹಾಡು ಬಿ ಮೈನರಿನದು, ಪೇಟಿಯಲ್ಲಿ ಏಳನೇ ಬಿಳಿ ಮನೆ. ಬಿಳಿ ಏಳು ಅಂದೆ.

"ಬಿಳಿ ಏಳು ನನ್ನ ಕೈಗೆ ಒಗ್ಗಂಗಿಲ್ರಿ. ಕರಿ ಐದಕ್ಕ ಇಳಸ್ರಿ."

ಕರಿ ಐದು ಅಂದರೆ ಅರ್ಧ ಸ್ವರ ಕೆಳಗೆ. ಇವತ್ತು ಬೆಳಿಗ್ಗೆ ಆರೂ ತಂತಿ ಇಳಿಸಿದೆ. ತಂತಿ ಸಡಿಲಾಗಿ ಬೆರಳಿಗೆ ಹಗುರಾಗಿದೆ, ಕಂಪನ ಮೊದಲಿಗಿಂತ ಅಗಲಕ್ಕೆ ಬರುತ್ತಿದೆ. ಆದರೆ ದಪ್ಪ ತಂತಿ ಫ್ರೆಟ್ಟಿಗೆ ತಾಗಿ ಝಿರ್ ಅಂತಿದೆ, ಬ್ರಿಡ್ಜ್ ಒಂದು ಸುತ್ತು ಎತ್ತಬೇಕು. ನಾಳೆ ಬೆಳಿಗ್ಗೆ ಕಾಕಾ ಬರ್ತಾರೆ. ಮಧ್ಯಾಹ್ನದೊಳಗೆ ಮುಗಿಸಬೇಕಂತೆ, ಆ 12 ಇಂಚಿನ ಬಾಕ್ಸ್ ಒಯ್ಯೋಕೆ ಮಂಡಳದವರು ಟೆಂಪೋ ಕಳಿಸ್ತಾರಂತೆ. ಟ್ವೀಟರ್ ವೈರು ವಾಪಸ್ ಹಚ್ಚೋದು ಮರೀಬಾರದು.