ಎಐ ಕೊಟೇಶನ್ ಕೇಳುವ ಮೊದಲು ಬಿಲ್ ಎಣಿಸಿ

ಮಂಗಳೂರಿನ ಬೈಕಂಪಾಡಿಯ ಫ್ಯಾಕ್ಟರಿ ಇರಲಿ, ಬಂದರಿನ ಹೋಲ್‌ಸೇಲ್ ಅಂಗಡಿ ಇರಲಿ, ಎಐ ಹಾಕಿಸೋಣ ಎಂಬ ಮಾತು ಬಂದ ಕೂಡಲೇ ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ. ಅದೇ ಕೆಲಸಕ್ಕೆ ಇವತ್ತು ಎಷ್ಟು ಖರ್ಚಾಗುತ್ತಿದೆ ಎಂಬ ಲೆಕ್ಕ ಕೈಯಲ್ಲಿಲ್ಲದಿದ್ದರೆ, ಬಂದ ಐದು ಲಕ್ಷದ ಕೊಟೇಶನ್ ಹೆಚ್ಚೋ ಕಡಿಮೆಯೋ ಹೇಳುವುದು ಹೇಗೆ? ಎಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮೊದಲು ನಿಮ್ಮ ಕಡೆಯಿಂದ ನಿಲ್ಲಬೇಕು.

ಖರೀದಿ ಬಿಲ್‌ಗಳನ್ನು ಓದಿ ಟ್ಯಾಲಿಗೆ (ಲೆಕ್ಕಪತ್ರದ ಸಾಫ್ಟ್‌ವೇರ್) ಹಾಕುವ ಕೆಲಸವನ್ನೇ ಹಿಡಿಯೋಣ. ತಿಂಗಳಿಗೆ 9,000 ಬಿಲ್, ಒಂದಕ್ಕೆ 4 ನಿಮಿಷ ಎಂದರೆ 600 ಗಂಟೆ. ಗಂಟೆಗೆ 150 ರೂಪಾಯಿ ಹಿಡಿದರೆ 90,000 ರೂಪಾಯಿ. ಎಐ ಬಂದ ಮೇಲೂ ಬಿಲ್ಲನ್ನು ಒಬ್ಬರು ನೋಡಲೇಬೇಕು. ಅದಕ್ಕೆ ಒಂದೂವರೆ ನಿಮಿಷ ಇಡಿ. ಉಳಿಯುವುದು 375 ಗಂಟೆ, ಅಂದರೆ 56,250 ರೂಪಾಯಿ. 18 ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಬರಬೇಕು ಎಂದಿಟ್ಟರೆ ಒಟ್ಟು ಉಳಿತಾಯ 10,12,500. ಇದರಲ್ಲಿ ತಿಂಗಳಿಗೆ 20,000ದಂತೆ ನಡೆಸುವ ಖರ್ಚು 3,60,000 ಕಳೆಯಿರಿ. ಉಳಿದ ಆರೂವರೆ ಲಕ್ಷವೇ ನಿಮ್ಮ ಮಿತಿ. ಅದಕ್ಕಿಂತ ಮೇಲಿನ ಕೊಟೇಶನ್ ಎಷ್ಟೇ ಚಂದ ಕಂಡರೂ ಬೇಡ. ಆ 375 ಗಂಟೆಯಲ್ಲಿ ನಿಮ್ಮ ಜನ ಏನು ಮಾಡುತ್ತಾರೆ, ಬಾಕಿ ವಸೂಲಿಯೋ ಸ್ಟಾಕ್ ತಾಳೆಯೋ, ಅದನ್ನೂ ಈಗಲೇ ಬರೆದಿಡಿ. ಅದು ತೀರ್ಮಾನವಾಗದಿದ್ದರೆ ಉಳಿತಾಯ ಕಾಗದದಲ್ಲೇ ಉಳಿಯುತ್ತದೆ.

ಎಲ್ಲರೂ ಹೆದರುವುದು ಎಐ ಮಾಡೆಲ್ ಬಳಕೆಯ ಶುಲ್ಕಕ್ಕೆ. ಅದನ್ನು ಅಳೆಯುವುದು ಟೋಕನ್‌ನಲ್ಲಿ, ಅಂದರೆ ಮಾಡೆಲ್ ಓದುವ, ಬರೆಯುವ ಪದದ ತುಣುಕುಗಳಲ್ಲಿ. ಬಿಲ್‌ಗೆ ಒಳಗೆ ಹೋಗುವುದು 2,000 ಟೋಕನ್, ಹೊರಬರುವುದು 500 ಎಂದು ಹಿಡಿಯಿರಿ. ಹತ್ತು ಲಕ್ಷ ಟೋಕನ್‌ಗೆ ಒಳಬದಿಗೆ 3 ಡಾಲರ್, ಹೊರಬದಿಗೆ 15 ಡಾಲರ್ ಎಂದಾದರೆ 9,000 ಬಿಲ್‌ಗೆ 121 ಡಾಲರ್ ಚಿಲ್ಲರೆ. ಡಾಲರ್‌ಗೆ 90 ರೂಪಾಯಿಯಂತೆ ಸುಮಾರು 11,000, ಮೇಲೆ ಹಿಡಿದ ತಿಂಗಳ 20,000ದೊಳಗೇ. ಒಂದು ಎಚ್ಚರಿಕೆ: ಅದೇ ವಿಷಯ ಕನ್ನಡದಲ್ಲಿದ್ದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತಿನ್ನುತ್ತದೆ. ಕನ್ನಡದ ಚೀಟಿಗಳು ಹೆಚ್ಚಿದ್ದರೆ ನಿಮ್ಮದೇ ನೂರು ಚೀಟಿ ಓಡಿಸಿ ಎಣಿಸಿದ ಮೇಲೆ ಅಂದಾಜು ಬರೆಯಿರಿ.

ವಿದೇಶಿ ಕಂಪನಿ ಹೊರದೇಶದಿಂದ ಬಿಲ್ ಮಾಡಿದರೆ 18% ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ಕ್ರಮ) ನೀವೇ ನಗದಾಗಿ ಕಟ್ಟಬೇಕು. ತೆರಿಗೆ ಬೀಳುವ ಮಾಲು ಮಾರುವವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ಕಡಿತವಾಗಿ, ಮರಳುತ್ತದೆ. ಆಸ್ಪತ್ರೆ, ಶಾಲೆಗಳ ಮುಖ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅವರಿಗೆ ಅದು ಮರಳುವುದಿಲ್ಲ. ಮಣಿಪಾಲ, ಮಂಗಳೂರಿನಲ್ಲಿ ಇಂಥ ಸಂಸ್ಥೆಗಳು ಬಹಳ ಇವೆ. ಅವರು ಆ 18% ಅನ್ನು ಖರ್ಚಿಗೇ ಸೇರಿಸಬೇಕು.

ನಿಜವಾದ ದುಡ್ಡು ಹೋಗುವುದು ಬೇರೆ ಕಡೆ. ಟ್ಯಾಲಿಯಲ್ಲಿ ಒಬ್ಬನೇ ಸಪ್ಲೈಯರ್ ಮೂರು ಲೆಡ್ಜರ್‌ನಲ್ಲಿ ಇರುತ್ತಾನೆ: ಒಂದರಲ್ಲಿ ಪೂರ್ತಿ ಹೆಸರು, ಒಂದರಲ್ಲಿ ಮೊಟಕು, ಇನ್ನೊಂದರಲ್ಲಿ ಊರು ಸೇರಿಸಿ. ಬಿಲ್ ಸರಿಯಾಗಿ ಓದಿದರೂ ಯಾವ ಲೆಡ್ಜರ್‌ಗೆ ಹಾಕಬೇಕು ಎಂಬಲ್ಲಿ ಕೆಲಸ ನಿಂತುಬಿಡುತ್ತದೆ. ಇದನ್ನು ಸರಿಮಾಡುವುದು ನಿಮ್ಮ ಅಕೌಂಟೆಂಟ್, ಎಐ ಹಾಕಿಕೊಡುವ ವೆಂಡರ್ ಅಲ್ಲ. ಅವರ ಸಮಯಕ್ಕೆ 80,000 ಇಡಿ. ಸೀಮೆಂಟು ಬಳಿಯುವ ಮೊದಲು ಗೋಡೆ ಒದ್ದೆ ಮಾಡುವ ಕೆಲಸದಂತೆ ಇದು, ಬಿಟ್ಟರೆ ಮೇಲೆ ಹಚ್ಚಿದ್ದು ನಿಲ್ಲುವುದಿಲ್ಲ. ಮಾದರಿಗೆ 1,500 ಬಿಲ್‌ಗಳನ್ನು ಸರಿಯುತ್ತರದೊಂದಿಗೆ ಸಿದ್ಧಮಾಡಲು ಒಂದಕ್ಕೆ 6 ನಿಮಿಷ, ಇಬ್ಬರು ಬೇರೆಬೇರೆಯಾಗಿ ಓದಿದರೆ 45,000 ರೂಪಾಯಿ. ಸ್ಕ್ಯಾನರ್‌ಗೆ 40,000, ಟ್ಯಾಲಿಗೆ ಜೋಡಣೆಗೆ ಎರಡೂವರೆ ಲಕ್ಷ, ಮೊದಲ ಪ್ರಯೋಗಕ್ಕೆ 75,000. ಮಿಕ್ಕ ಒಂದೂವರೆ ಲಕ್ಷ ಚಿಲ್ಲರೆಯನ್ನು ಮುಟ್ಟಬೇಡಿ. ಮಳೆಗಾಲದಲ್ಲಿ ಒದ್ದೆಯಾದ ಚೀಟಿ, ಅಕ್ಷರ ಮಾಸಿದ ಥರ್ಮಲ್ ಬಿಲ್, ಡಾಲರ್ ಏರಿಕೆ, ಎಲ್ಲಕ್ಕೂ ಆ ದುಡ್ಡೇ ಆಸರೆ.

ವೆಂಡರ್ ಹೇಳುವ ‘98% ಸರಿ’ ಎಂಬ ಮಾತನ್ನು ಬಿಡಿಸಿ ಕೇಳಿ. ಬಿಲ್‌ನಲ್ಲಿ 12 ಅಂಶಗಳಿದ್ದು ಪ್ರತಿಯೊಂದೂ 98% ಸರಿಯಾಗಿದ್ದರೆ, 12ಕ್ಕೆ 12 ಸರಿ ಇರುವ ಬಿಲ್‌ಗಳು ನೂರಕ್ಕೆ 78 ಮಾತ್ರ. ಉಳಿದ 22ರಲ್ಲಿ ಎಲ್ಲೋ ಒಂದು ತಪ್ಪು. ಯಾವ 22 ಎಂದು ಹೇಳಲಾಗದ ವ್ಯವಸ್ಥೆಯಿಂದ ಸಮಯ ಉಳಿಯುವುದಿಲ್ಲ. ಹೆಚ್ಚಿನ ತಪ್ಪು ಹಿಡಿಯಲು ಎಐ ಬೇಕಾಗಿಯೂ ಇಲ್ಲ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕೊನೆಯದು ತಾಳೆ ನೋಡುವ ಅಕ್ಷರ. ಸೊನ್ನೆಯನ್ನು ‘ಓ’ ಎಂದು ಓದಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ನೀವಿರುವುದು ಕರ್ನಾಟಕದಲ್ಲಿ, ಕಾಸರಗೋಡಿನಿಂದ ಬಂದ ಮಾಲಿನ ಬಿಲ್‌ನಲ್ಲಿ ನಂಬರ್ ಕೇರಳದ 32ರಿಂದ ಶುರುವಾಗಿ ಅಲ್ಲಿ ಸಿಜಿಎಸ್‌ಟಿ (ರಾಜ್ಯದೊಳಗಿನ ಮಾರಾಟದ ತೆರಿಗೆ) ಕಂಡರೆ ಏನೋ ತಪ್ಪಿದೆ. ನಮ್ಮ ರಾಜ್ಯದ 29ಕ್ಕೆ ಐಜಿಎಸ್‌ಟಿ (ರಾಜ್ಯಗಳ ನಡುವಿನ ಮಾರಾಟದ ತೆರಿಗೆ) ಬಿದ್ದಿದ್ದರೂ ಒಮ್ಮೆ ನೋಡಬೇಕು. ಮೊತ್ತ ಮತ್ತು ತೆರಿಗೆ ಕೂಡಿದರೆ ಒಟ್ಟು ಬರುತ್ತದೆಯೇ? ಇಷ್ಟನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

ದುಡ್ಡನ್ನು ಒಮ್ಮೆಲೇ ಬಿಡಬೇಡಿ. 300 ಬಿಲ್‌ಗಳ ಪರೀಕ್ಷೆಯನ್ನು ವೆಂಡರ್‌ಗೆ ತೋರಿಸದೆ ಇಟ್ಟುಕೊಳ್ಳಿ, ಅದರಲ್ಲಿ 100 ಕೈಬರಹದ್ದಿರಲಿ. ಪ್ರಯೋಗದ ಕೊನೆಗೆ ಆ 300ರಲ್ಲಿ ಬಿಲ್‌ಗೆ ಒಂದೂವರೆ ನಿಮಿಷದ ಗುರಿ ಮುಟ್ಟದಿದ್ದರೆ ಅಲ್ಲಿಗೆ ನಿಲ್ಲಿಸಿ. ಹೋದದ್ದು ಆವರೆಗಿನ ಖರ್ಚು ಮಾತ್ರ.

ಮೀನಿನ ವ್ಯಾಪಾರ, ಐಸ್ ಪ್ಲಾಂಟ್‌ನವರಿಗೆ ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಿಲ್ ಕಡಿಮೆ, ಆದರೆ ತಿಂಗಳ ಕನಿಷ್ಠ ಶುಲ್ಕ ತಪ್ಪುವುದಿಲ್ಲ. ಬಿಲ್ ಎಣಿಕೆಯ ಮೇಲೆ ಪಾವತಿಸುವ ಒಪ್ಪಂದ ಕೇಳಿ. ಮಾಡೆಲ್ ಹಳೆಯದಾಗಿ ಕಂಪನಿ ಅದನ್ನು ನಿಲ್ಲಿಸಿದಾಗ ಹೊಸದನ್ನು ಮತ್ತೆ ಅದೇ 300 ಬಿಲ್‌ಗಳಲ್ಲಿ ಪರೀಕ್ಷಿಸಬೇಕಾಗುತ್ತದೆ, ಅದಕ್ಕಾಗಿ ವರ್ಷಕ್ಕೆ ಎರಡು ಸಲದ ಖರ್ಚು ಹಾಕಿ. ಸಿದ್ಧಪಡಿಸಿದ 1,500 ಬಿಲ್‌ಗಳು ನಿಮ್ಮವು, ವೆಂಡರ್ ಬದಲಾದರೂ ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲೂ ತೆರೆಯುವ ಸರಳ ಪಟ್ಟಿ) ನಿಮ್ಮ ಕೈಗೆ ಬರಬೇಕು ಎಂದು ಒಪ್ಪಂದದಲ್ಲಿ ಬರೆಸಿ.