ಚಟವೇ ಇಲ್ಲದವರಿಗೆ ಗಂಟಲು ಕ್ಯಾನ್ಸರ್ ಹೇಗೆ ಬಂತು?

"ನಿಮ್ಮ ಯಜಮಾನ್ರು ಬೀಡಿ, ಸಿಗರೇಟು, ಗುಟ್ಕಾ ಏನೂ ಮುಟ್ಟಿದವರಲ್ಲ. ಹೇಗ್ರೀ ಬಂತು?" ಮದುವೆ ಮನೆಯಲ್ಲಿ, ಫೋನಿನಲ್ಲಿ, ರಾಜಾಜಿನಗರದ ನಮ್ಮ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಇದನ್ನೇ.

ಎಚ್‌ಪಿವಿ ಅನ್ನೋ ವೈರಸ್‌ನಿಂದ ಬಂತು. ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸೇ ಇದು. ಆ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅದೇ ವೈರಸ್ ಗಂಡಸರ ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲೂ ಕ್ಯಾನ್ಸರ್ ತರುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲ.

ಹಾಗಂತ ಗುಟ್ಕಾ ಹಾಕುವವರು ನಿರಾಳರಾಗಬೇಡಿ. ನಮ್ಮ ದೇಶದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಇವತ್ತಿಗೂ ದೊಡ್ಡ ಕಾರಣ ತಂಬಾಕು ಮತ್ತು ಅಡಿಕೆಯೇ.

ವೈರಸ್ ಅಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊಬೈಲ್‌ನಲ್ಲಿ ಹುಡುಕಿ, ಇದು ಲೈಂಗಿಕ ಸಂಪರ್ಕದಿಂದ ಹರಡುವುದು ಎಂದು ಓದಿರುತ್ತಾರೆ. ಆಮೇಲೆ ಇವರನ್ನು ನೋಡುವ ನೋಟವೇ ಬದಲಾಗುತ್ತದೆ. ನನ್ನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಕ್ಯಾನ್ಸರ್‌ಗಿಂತ ಇವರು ಹೆಚ್ಚು ಕುಗ್ಗಿದ್ದು ಇದಕ್ಕೇ. ಬಯಾಪ್ಸಿ ರಿಪೋರ್ಟ್‌ನಲ್ಲಿ 'ಪಿ16 ಪಾಸಿಟಿವ್' (ಈ ಕ್ಯಾನ್ಸರ್ ಎಚ್‌ಪಿವಿಯಿಂದ ಬಂದದ್ದು ಎಂಬ ಸೂಚನೆ) ಎಂದು ಬಂದ ರಾತ್ರಿ ಇವರು ನನ್ನ ಮುಖ ನೋಡಿ ಮಾತಾಡಲಿಲ್ಲ.

ಅದಕ್ಕೇ ಬಿಡಿಸಿ ಹೇಳುತ್ತೇನೆ. ಸಂಸಾರ ಮಾಡುವ ಹೆಚ್ಚಿನ ಗಂಡಸರು, ಹೆಂಗಸರು ಯಾವುದೋ ಒಂದು ಕಾಲದಲ್ಲಿ ಈ ವೈರಸ್ ಹೊತ್ತಿರುತ್ತಾರೆ. ಬಹುತೇಕರ ಮೈ ಒಂದೆರಡು ವರ್ಷದಲ್ಲಿ ತಾನೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಸದ್ದಿಲ್ಲದೆ ಉಳಿದು, ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಅದು ಯಾರ ನಡತೆಗೂ ಸಾಕ್ಷಿಯಲ್ಲ. ಇವರ ಲೋಟ ಬೇರೆ ಇಡುವವರಿಗೂ ಒಂದು ಮಾತು: ಎಂಜಲು ಲೋಟದಿಂದ, ಕೆಮ್ಮಿನಿಂದ ಕ್ಯಾನ್ಸರ್ ಅಂಟುವುದಿಲ್ಲ.

ಚಿಕಿತ್ಸೆಯ ದಿನಗಳನ್ನು ಹೇಳದಿದ್ದರೆ ಈ ಉತ್ತರ ಅರ್ಧವೇ. ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖ, ಕತ್ತಿನ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನಾ ಆ ಮಾಸ್ಕ್ ಹಾಕಿ, ತಲೆ ಅಲ್ಲಾಡದಂತೆ ಮೇಜಿಗೆ ಬಿಗಿದು ರೇಡಿಯೇಷನ್ ಕೊಡುತ್ತಾರೆ. ವಾರಕ್ಕೆ 5 ದಿನ, ಸುಮಾರು 7 ವಾರ. ಹೊರಗೆ ಬಂದಾಗ ಇವರ ಹಣೆ, ಕೆನ್ನೆಯ ಮೇಲೆ ಜಾಲರಿಯ ಚೌಕಗಳು ಮೂಡಿರುತ್ತಿದ್ದವು. ಕೆಲವೇ ವಾರಗಳಲ್ಲಿ ತಿಳಿಸಾರೂ ಬೆಂಕಿಯಾಯಿತು. ಮೂಗಿನ ನಳಿಗೆಯಲ್ಲಿ ತೆಳ್ಳಗೆ ಸೋಸಿದ ರಾಗಿ ಗಂಜಿ ಕೊಡುತ್ತಿದ್ದೆ. ಈಗಲೂ ಬಾಯಿ ಒಣಗುತ್ತದೆ, ನೀರಿನ ಬಾಟಲಿ ಇಲ್ಲದೆ ಮೆಟ್ರೋ ಹತ್ತುವುದಿಲ್ಲ. ಕಾಫಿ ರುಚಿ ಪೂರ್ತಿ ವಾಪಸ್ ಬಂದಿಲ್ಲ. ಇಷ್ಟು ಅನುಭವಿಸಿದ ಮನುಷ್ಯನ ಹತ್ತಿರ ಚಾರಿತ್ರ್ಯದ ಲೆಕ್ಕ ಕೇಳುವುದು ನನಗೆ ಕ್ರೌರ್ಯ ಅನಿಸುತ್ತದೆ.

ಸಮಾಧಾನದ ಸಂಗತಿಯೂ ಇದೆ. ತಂಬಾಕಿನಿಂದ ಬಂದ ಗಂಟಲು ಕ್ಯಾನ್ಸರ್‌ಗಿಂತ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

"ಸುಮ್ನೆ ಕ್ಯಾನ್ಸರ್ ಅಂದ್ರೆ ಸಾಕಲ್ವಾ, ವೈರಸ್ ವಿಷಯ ಯಾಕೆ ಹೇಳ್ತೀಯ?" ಅಂತ ನಮ್ಮ ಅತ್ತೆ ಕೇಳಿದ್ದರು. ಇವರಿಗೆ ಮೊದಲು ಕಂಡದ್ದು ಶೇವ್ ಮಾಡುವಾಗ ದವಡೆ ಕೆಳಗೆ ಕೈಗೆ ಸಿಕ್ಕ ಗಂಟು. ನೋವೇ ಇರಲಿಲ್ಲ. ನಮ್ಮ ಮಾತು ಕೇಳಿದ ಇನ್ನೊಬ್ಬರು ಅಂಥ ಗಂಟನ್ನು ತಿಂಗಳುಗಟ್ಟಲೆ ಬಿಟ್ಟುಕೊಳ್ಳಬಾರದು. ಎರಡು ಮೂರು ವಾರದಲ್ಲಿ ಕರಗದ ಗಂಟು, ಒಂದೇ ಕಡೆಯ ಗಂಟಲು ನೋವು, ನುಂಗಲು ತೊಂದರೆ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಚಟ ಇರಲಿ ಇಲ್ಲದಿರಲಿ.

ಲಸಿಕೆಯೂ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವವ್ಯಾಕ್‌ಗೆ 2022ರಲ್ಲೇ ಅನುಮತಿ ಸಿಕ್ಕಿದೆ. ಬಂದ ರೋಗವನ್ನು ಅದು ವಾಸಿ ಮಾಡುವುದಿಲ್ಲ, ವೈರಸ್ ತಗಲುವ ಮೊದಲೇ ಹಾಕಿಸಬೇಕು. 9ರಿಂದ 14 ವರ್ಷದೊಳಗೆ ಎರಡು ಡೋಸ್ ಸಾಕು. ಹೆಣ್ಣುಮಕ್ಕಳಿಗೆ ಅಂತ ಕೇಳಿರುತ್ತೀರಿ. ಗಂಡುಮಕ್ಕಳಿಗೂ ಹಾಕಿಸಬಹುದು. ನನ್ನ ತಮ್ಮ ಮೊನ್ನೆ ಮಗಳ ಜೊತೆ ಮಗನನ್ನೂ ಕರೆದುಕೊಂಡು ಹೋಗಿ ಹಾಕಿಸಿಕೊಂಡು ಬಂದ.